ಸೆಕೆಗೆ ಫ್ಯಾನ್ ಹಾಕ್ಬಹುದಾ ಬೇಡ್ವಾ? ಮಂಗಳೂರು-ಉಡುಪಿ ಕಡೆಯ ಮನೆಗಳಿಗೆ

ಫೆಬ್ರವರಿ ಕೊನೆ ಬಂದ್ರೆ ಸಾಕು, ವಾಟ್ಸ್ಯಾಪಿನಲ್ಲಿ ಒಂದು ಮೆಸೇಜ್ ಸುತ್ಲಿಕ್ಕೆ ಶುರುವಾಗ್ತದೆ, 35 ಡಿಗ್ರಿ ದಾಟಿದ್ರೆ ಫ್ಯಾನ್ ಹಾಕ್ಬೇಡಿ, ಫ್ಯಾನ್ ಬಿಸಿಗಾಳಿ ಊದಿ ಊದಿ ಮನುಷ್ಯನಿಗೇ ಅಪಾಯ ಮಾಡ್ತದೆ ಅಂತ. ಅದನ್ನು ಓದಿ ಮಧ್ಯಾಹ್ನದ ಹೊತ್ತು ಫ್ಯಾನ್ ಬಂದ್ ಮಾಡಿ, ಕಿಟಕಿಯನ್ನೂ ಹಾಕಿ, ಬೆವರು ಸುರಿಸ್ಕೊಂಡು ಕೂರುವ ವಯಸ್ಸಾದವರು ನಮ್ಮ ಕಡೆ ಇದ್ದಾರೆ, ನನಗೆ ಸಂಕಟ ಆಗುವುದು ಅದಕ್ಕೇ. ಆ ಮೆಸೇಜಿನಲ್ಲಿರುವುದು ಪೂರ್ತಿ ಸುಳ್ಳಲ್ಲ, ಆದ್ರೆ ಅದು ನಮ್ಮ ಊರಿನ ಹವೆಗೆ ಹೇಳಿದ ಮಾತಲ್ಲ.

ಮೊದಲೇ ನೇರ ಉತ್ತರ ಹೇಳಿಬಿಡ್ತೇನೆ. ಮಂಗಳೂರು, ಉಡುಪಿ, ಕುಂದಾಪುರ, ಸುರತ್ಕಲ್, ಉಳ್ಳಾಲ, ಈ ಕಡೆಯ ಮಾಮೂಲಿ ಸೆಕೆಗೆ ಫ್ಯಾನ್ ಹಾಕ್ಬಹುದು, ಹಾಕ್ಲೇಬೇಕು. ಕೋಣೆಯೊಳಗೆ 37-38 ಡಿಗ್ರಿ ಆಗುವ ದಿನ ವಯಸ್ಸಾದವರಿಗೆ ಫ್ಯಾನ್ ಒಂದೇ ಸಾಕಾಗುವುದಿಲ್ಲ, ಮೈ ಒದ್ದೆ ಮಾಡ್ಬೇಕು, ಇಲ್ಲದಿದ್ರೆ ತಂಪಿರುವ ಜಾಗಕ್ಕೆ ಕರ್ಕೊಂಡು ಹೋಗ್ಬೇಕು. 40 ದಾಟಿದ್ರೆ ಫ್ಯಾನನ್ನು ನಂಬಿ ಕೂರ್ಬಾರದು. ಇಷ್ಟೇ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸ್ಬಹುದು, ಆದ್ರೆ ಮನೆಯಲ್ಲಿ ಅಜ್ಜ-ಅಜ್ಜಿ, ಸಣ್ಣ ಮಕ್ಕಳು, ಬಿಪಿ-ಹಾರ್ಟ್ ಮಾತ್ರೆ ತಗೊಳ್ಳುವವರು ಇದ್ರೆ ಉಳಿದದ್ದನ್ನೂ ಓದಿ.

ಫ್ಯಾನ್ ನಿಜವಾಗಿ ಮಾಡುವುದೇನು

ಫ್ಯಾನ್ ಕೋಣೆಯನ್ನು ತಂಪು ಮಾಡುವುದಿಲ್ಲ. ಖಾಲಿ ಕೋಣೆಯಲ್ಲಿ ಫ್ಯಾನ್ ಹಾಕಿಟ್ಟು ಹೋದ್ರೆ ಬಂದಾಗ ತಂಪಾಗಿರ್ತದೆ ಅಂತ ಕೆಲವರು ತಿಳ್ಕೊಂಡಿದ್ದಾರೆ, ಇಲ್ಲ, ಹಳೆ ಫ್ಯಾನಿನ ಮೋಟಾರು ತಿನ್ನುವ 70-75 ವ್ಯಾಟ್ ಕರೆಂಟು ಕೊನೆಗೆ ಬಿಸಿಯಾಗಿ ಅದೇ ಕೋಣೆಗೆ ಸೇರ್ತದೆ. ಫ್ಯಾನಿನ ಕೆಲಸ ಇರುವುದು ನಿಮ್ಮ ಮೈಯ ಮೇಲೆ, ಅದೂ ಎರಡು ದಾರಿಯಲ್ಲಿ.

ಒಂದು, ಗಾಳಿ ಚರ್ಮಕ್ಕಿಂತ ತಂಪಿದ್ರೆ ಮೈಯ ಬಿಸಿಯನ್ನು ಎತ್ಕೊಂಡು ಹೋಗ್ತದೆ. ಸೆಕೆಯಲ್ಲಿ ಚರ್ಮ ಸಾಧಾರಣ 35 ಡಿಗ್ರಿ ಇರ್ತದೆ, ಹಾಗಾಗಿ ಗಾಳಿ 30-32 ಇರುವಾಗ ಒಳ್ಳೆ ಲಾಭ, 35ಕ್ಕೆ ಬಂದ್ರೆ ಲಾಭವೂ ಇಲ್ಲ ನಷ್ಟವೂ ಇಲ್ಲ, 35 ದಾಟಿದ ಮೇಲೆ ಗಾಳಿಯೇ ಮೈಗೆ ಬಿಸಿ ಕೊಡ್ಲಿಕ್ಕೆ ಶುರು ಮಾಡ್ತದೆ. ವಾಟ್ಸ್ಯಾಪ್ ಮೆಸೇಜಿನ 35 ಅಂದ್ರೆ ಇದೇ.

ಎರಡನೇ ದಾರಿ ಬೆವರು, ನಮ್ಮ ಊರಲ್ಲಿ ನಿಜವಾಗಿ ಲೆಕ್ಕಕ್ಕೆ ಬರುವುದು ಇದು. ಬೆವರು ಬಂದ್ರೆ ಮೈ ತಂಪಾಗುವುದಿಲ್ಲ, ಬೆವರು ಆರಿದ್ರೆ ತಂಪಾಗ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದ್ರೆ ಸಾಧಾರಣ 2400 ಕಿಲೋಜೂಲ್ ಬಿಸಿ ಮೈಯಿಂದ ಹೋಗ್ತದೆ, ಸುಮ್ಮನೆ ಕೂತ ಮನುಷ್ಯನ ಮೈ ಆರೇಳು ಗಂಟೆಯಲ್ಲಿ ಹುಟ್ಟಿಸುವಷ್ಟು ಬಿಸಿ ಅದು. ಅದೇ ಬೆವರು ಆರದೆ ಗಲ್ಲದಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ರೆ ಏನೂ ಸಿಗುವುದಿಲ್ಲ, ನೀರೂ ಹೋಯ್ತು ಉಪ್ಪೂ ಹೋಯ್ತು. ನಮ್ಮ ಸೆಕೆಯ ತೊಂದರೆ ಪೂರ್ತಿ ಇಲ್ಲೇ ಇರುವುದು. ಗಾಳಿಯಲ್ಲಿ ಮೊದಲೇ ಅಷ್ಟು ತೇವ ಉಂಟು, ಬೆವರು ಆರ್ಲಿಕ್ಕೆ ಜಾಗ ಸಿಗುವುದಿಲ್ಲ, ಮೈಗೆ ಅಂಟಿಕೊಂಡೇ ಒಂದು ಒದ್ದೆ ಗಾಳಿಯ ಪದರ ನಿಂತಿರ್ತದೆ. ಫ್ಯಾನ್ ಆ ಪದರವನ್ನು ಸರಿಸಿ ಹೊಸ ಗಾಳಿ ತಂದು ಕೊಡ್ತದೆ, ಆಗ ಬೆವರು ಆರ್ತದೆ.

ಈಗ ಕಲಬುರಗಿ, ರಾಯಚೂರು ಕಡೆ ಯೋಚನೆ ಮಾಡಿ. ಅಲ್ಲಿ ಮೇ ತಿಂಗಳಲ್ಲಿ 42-43 ಡಿಗ್ರಿ, ಗಾಳಿ ಒಣ. ಬೆವರು ಬಂದ ಹಾಗೆ ತಾನಾಗಿಯೇ ಆರಿ ಹೋಗ್ತದೆ, ಬಟ್ಟೆ ಕೂಡ ಒದ್ದೆ ಕಾಣುವುದಿಲ್ಲ. ಅಂಥಲ್ಲಿ ಫ್ಯಾನ್ ಹಾಕಿದ್ರೆ ಬೆವರಿನ ಲಾಭ ಹೆಚ್ಚೇನೂ ಜಾಸ್ತಿ ಆಗುವುದಿಲ್ಲ, ಬಿಸಿಗಾಳಿಯ ನಷ್ಟ ಮಾತ್ರ ಪೂರ್ತಿ ಮೈಗೆ. ಹಾಗಾಗಿ ಆ ಕಡೆಯವರಿಗೆ "ಫ್ಯಾನ್ ಜಾಗ್ರತೆ" ಅಂದ್ರೆ ಸರಿಯಾದ ಮಾತೇ. ನಮಗೆ 33-34 ಡಿಗ್ರಿ ಮತ್ತು ಮಧ್ಯಾಹ್ನವೂ ಶೇಕಡಾ 60-65ರ ಹತ್ತಿರ ತೇವ. 33 ಡಿಗ್ರಿಗೆ ಶೇಕಡಾ 65 ತೇವ ಸೇರಿದ್ರೆ ಮೈಗೆ 41 ಡಿಗ್ರಿಯ ಹಾಗೆ ಅನ್ನಿಸ್ತದೆ, ಮೊಬೈಲಿನ ಹವಾಮಾನದ ಆ್ಯಪಿನಲ್ಲಿ "ಫೀಲ್ಸ್ ಲೈಕ್" ಅಂತ ತೋರಿಸುವುದು ಅದನ್ನೇ. ಜನ ಆ 41 ನೋಡಿ ಹೆದರಿ ಫ್ಯಾನ್ ಬಂದ್ ಮಾಡ್ತಾರೆ. ಫ್ಯಾನಿನ ವಿಷಯಕ್ಕೆ ಆ ಸಂಖ್ಯೆ ನೋಡ್ಲೇಬಾರದು, ಗಾಳಿಯ ನಿಜವಾದ ಉಷ್ಣಾಂಶ ಮಾತ್ರ ನೋಡ್ಬೇಕು.

ಇದು ಪ್ರಯೋಗದಲ್ಲೂ ಗೊತ್ತಾದ ವಿಷಯ. ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಒಲ್ಲಿ ಜೇ ಅವರ ತಂಡ 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿತ್ತು. ಗಂಡಸರನ್ನು ಎರಡು ಥರದ ಕೋಣೆಯಲ್ಲಿ ಕೂರಿಸಿದ್ದು, ಒಂದು 40 ಡಿಗ್ರಿ ಶೇಕಡಾ 50 ತೇವ, ಇನ್ನೊಂದು 47 ಡಿಗ್ರಿ ಶೇಕಡಾ 10 ತೇವ. ಫೀಲ್ಸ್ ಲೈಕ್ ಲೆಕ್ಕದಲ್ಲಿ ಮೊದಲನೆಯದೇ ಹೆಚ್ಚು ಕೆಟ್ಟದು, 56ರ ಹತ್ತಿರ. ಆದ್ರೂ ಅಲ್ಲಿ ಫ್ಯಾನ್ ಹಾಕಿದಾಗ ಮೈಯೊಳಗಿನ ಬಿಸಿ ಮತ್ತು ಹೃದಯದ ಮೇಲಿನ ಭಾರ ಕಡಿಮೆಯಾಯ್ತು, ಒಣ ಕೋಣೆಯಲ್ಲಿ ಫ್ಯಾನ್ ಹಾಕಿದಾಗ ಎರಡೂ ಜಾಸ್ತಿ ಆಯ್ತು.

ಒಬ್ಬೊಬ್ರು ಒಂದೊಂದು ಡಿಗ್ರಿ ಹೇಳುವುದು ಯಾಕೆ

ಇಂಟರ್ನೆಟ್ಟಿನಲ್ಲಿ ಹುಡುಕಿದ್ರೆ ತಲೆ ಕೆಡ್ತದೆ. ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ 32 ಡಿಗ್ರಿ ದಾಟಿದ್ರೆ ಫ್ಯಾನ್ ಬೇಡ ಅಂತ ಹೇಳ್ತದೆ. ವಿಶ್ವ ಆರೋಗ್ಯ ಸಂಸ್ಥೆ 40ರ ಒಳಗೆ ಇದ್ರೆ ಮಾತ್ರ ಬಳಸಿ ಅಂತ. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಲಹೆಯಲ್ಲಿ ಡಿಗ್ರಿಯ ಮಾತಿಲ್ಲ, ಫ್ಯಾನ್ ಬಳಸಿ, ಬಟ್ಟೆ ಒದ್ದೆ ಮಾಡ್ಕೊಳ್ಳಿ, ಆಗಾಗ ತಣ್ಣೀರು ಸ್ನಾನ ಮಾಡಿ ಅಂತ ಉಂಟು. 32ರ ಲೆಕ್ಕ ಹಿಡಿದ್ರೆ ನಾವು ಮಾರ್ಚಿನಿಂದ ಮಳೆ ಬರುವವರೆಗೆ ಮಧ್ಯಾಹ್ನ ಫ್ಯಾನ್ ಹಾಕುವ ಹಾಗೇ ಇಲ್ಲ! ಮನೆಮನೆಯಲ್ಲಿ ಎಸಿ ಇರುವ ದೇಶಕ್ಕೆ ಆ ಮಾತು ನಡೀಬಹುದು, ನಮ್ಮಲ್ಲಿ ಎಷ್ಟೋ ಮನೆಯಲ್ಲಿ ಫ್ಯಾನ್ ಬಿಟ್ರೆ ಬೇರೆ ದಾರಿ ಇಲ್ಲ.

ನನಗೆ ಹೆಚ್ಚು ಸರಿ ಕಾಣುವುದು ಅದೇ ಸಿಡ್ನಿ ತಂಡ 2021ರಲ್ಲಿ ಕೊಟ್ಟ ಲೆಕ್ಕ, ಯಾಕಂದ್ರೆ ಅದು ಮನುಷ್ಯ ಎಷ್ಟು ಬೆವರ್ತಾನೆ ಅನ್ನುವುದನ್ನು ಹಿಡ್ಕೊಂಡು ಮಾಡಿದ್ದು. ಆರೋಗ್ಯವಾಗಿರುವ ಪ್ರಾಯದವರಿಗೆ 39 ಡಿಗ್ರಿವರೆಗೆ ಫ್ಯಾನ್ ಆಗ್ತದೆ, 65 ದಾಟಿದ ಆರೋಗ್ಯವಂತರಿಗೆ 38, ಬೆವರು ಕಡಿಮೆ ಮಾಡುವ ಕೆಲವು ಮಾತ್ರೆ ತಗೊಳ್ಳುವ ವಯಸ್ಸಾದವರಿಗೆ 37. ವಯಸ್ಸಾದ ಹಾಗೆ ಬೆವರು ಕಡಿಮೆ ಆಗ್ತದೆ, ಆರಿಸ್ಲಿಕ್ಕೆ ಬೆವರೇ ಇಲ್ಲದಿದ್ರೆ ಫ್ಯಾನ್ ಏನು ಮಾಡ್ಲಿಕ್ಕುಂಟು, ಹಾಗಾಗಿ ಸಂಖ್ಯೆ ಇಳೀತಾ ಹೋಗ್ತದೆ.

ಇದಕ್ಕೆ ವಿರುದ್ಧದ ಮಾತೂ ಉಂಟು, ಅದನ್ನು ಮುಚ್ಚಿಡುವುದು ಸರಿಯಲ್ಲ. ಕೆನಡಾದ ಒಟ್ಟಾವಾ ವಿಶ್ವವಿದ್ಯಾಲಯದವರು ವಯಸ್ಸಾದವರನ್ನು 36 ಡಿಗ್ರಿ, ಶೇಕಡಾ 45 ತೇವದ ಕೋಣೆಯಲ್ಲಿ 8 ಗಂಟೆ ಕೂರಿಸಿ ನೋಡಿದ್ರು, ಫ್ಯಾನ್ ಹಾಕಿದವರ ಮೈಯೊಳಗಿನ ಬಿಸಿ ಹೇಳಿಕೊಳ್ಳುವಷ್ಟು ಇಳೀಲಿಲ್ಲ, ಆದ್ರೆ ಅವರಿಗೆ ಹಿತ ಅನ್ನಿಸಿತ್ತು. ಇದರಲ್ಲಿ ನಾವು ಗಮನಿಸ್ಬೇಕಾದ್ದು ಆ ಹಿತ. ಮುಖಕ್ಕೆ ಗಾಳಿ ಬೀಳ್ತಾ ಉಂಟು, "ನನಗೇನಿಲ್ಲ ಮಗಾ, ಫ್ಯಾನ್ ಉಂಟಲ್ಲ" ಅಂತ ಅಜ್ಜಿ ಹೇಳ್ತಾರೆ, ಒಳಗೆ ಮಾತ್ರ ಬಿಸಿ ಏರ್ತಾ ಇರ್ಬಹುದು. ಹಾಗಾಗಿ ವಯಸ್ಸಾದವರ ವಿಷಯದಲ್ಲಿ ಅವರ ಬಾಯಿಮಾತಿನ ಮೇಲೆ ಬಿಡ್ಬೇಡಿ, ಕೋಣೆಯ ಡಿಗ್ರಿ ನೋಡಿ.

ಡಿಗ್ರಿ ನೋಡುವುದು ಎಲ್ಲಿ

ಮೊಬೈಲಿನಲ್ಲಿ ತೋರಿಸುವುದು ಹೊರಗಿನದ್ದು, ಅದೂ ಪಣಂಬೂರಿನದ್ದೋ ಬಜ್ಪೆ ಏರ್‌ಪೋರ್ಟಿನದ್ದೋ ಆಗಿರ್ತದೆ. ನಿಮ್ಮ ಮೇಲಿನ ಮಾಳಿಗೆಯ ಬೆಡ್‌ರೂಮು ಬೇರೆಯೇ ಲೋಕ. ಉಷ್ಣಾಂಶ ಮತ್ತು ತೇವ ಎರಡೂ ತೋರಿಸುವ ಸಣ್ಣ ಡಿಜಿಟಲ್ ಮೀಟರು ಕೆಲವು ನೂರು ರೂಪಾಯಿಗೆ ಸಿಗ್ತದೆ, ತಗೊಳ್ಳಿ. ಅದನ್ನು ಬಿಸಿಲು ಬೀಳುವ ಗೋಡೆಗೆ, ಟಿವಿ ಹಿಂದೆ, ಫ್ರಿಜ್ಜಿನ ಮೇಲೆಲ್ಲ ಇಡ್ಬೇಡಿ, ಮನುಷ್ಯ ಮಲಗುವ ಮಂಚದ ಎತ್ತರಕ್ಕೆ ಇಡಿ. ಮಧ್ಯಾಹ್ನ ಮೂರು ಗಂಟೆಗೆ ಒಮ್ಮೆ ನೋಡಿ, ರಾತ್ರಿ ಒಂಬತ್ತಕ್ಕೆ ಒಮ್ಮೆ ನೋಡಿ. ತಾರಸಿ ಮನೆಯಾದ್ರೆ ರಾತ್ರಿಯೂ ಹೆಚ್ಚೇನೂ ಇಳಿದಿರುವುದಿಲ್ಲ, ಸ್ಲ್ಯಾಬು ಹಗಲಿಡೀ ಕುಡಿದ ಬಿಸಿಲನ್ನು ರಾತ್ರಿ ಕೆಳಗೆ ಬಿಡ್ತಾ ಇರ್ತದೆ.

35ರ ಒಳಗೆ ಉಂಟಾದ್ರೆ ಯಾರಿಗೂ ಚಿಂತೆ ಬೇಡ, ಫ್ಯಾನ್ ಹಾಕಿ, ನೀರು ಕುಡೀರಿ. 35ರಿಂದ 37-38 ಆದ್ರೆ ಫ್ಯಾನಿನ ಜೊತೆ ಮೈ ಒದ್ದೆ ಮಾಡುವುದು ಶುರು ಮಾಡಿ, ಪ್ರಾಯದವರಿಗೆ ಬೆವರೇ ಸಾಕಾಗ್ಬಹುದು, ವಯಸ್ಸಾದವರಿಗೆ ಖಂಡಿತ ನೀರು ಹಾಕ್ಲೇಬೇಕು. 38 ದಾಟಿದ್ರೆ ವಯಸ್ಸಾದವರನ್ನು, ಹಾರ್ಟ್ ಪೇಶೆಂಟುಗಳನ್ನು ಆ ಕೋಣೆಯಲ್ಲಿ ಬಿಡ್ಬೇಡಿ, ಕೆಳಗಿನ ಮಾಳಿಗೆಗೆ, ಪಕ್ಕದ ಹಂಚಿನ ಮನೆಗೆ, ಎಸಿ ಇರುವ ನೆಂಟರಲ್ಲಿಗೆ, ಎಲ್ಲಿಯಾದ್ರೂ ಸರಿ ಎರಡು ಮೂರು ಗಂಟೆ ಕೂರಿಸಿ ಬನ್ನಿ.

ನಮ್ಮಲ್ಲಿ ಹೊರಗೆ 38 ಆಗುವುದುಂಟಾ ಅಂತ ಕೇಳಿದ್ರೆ, ಉಂಟು, ಅದೂ ಮೇ ತಿಂಗಳಲ್ಲಲ್ಲ, ಹೆಚ್ಚಾಗಿ ಫೆಬ್ರವರಿ ಕೊನೆ ಮತ್ತು ಮಾರ್ಚಿನಲ್ಲಿ. ಘಟ್ಟದ ಕಡೆಯಿಂದ ಒಣ ಗಾಳಿ ಬೀಸ್ತಾ ಇದ್ದು, ಕಡಲ ಗಾಳಿ ಬರುವುದು ತಡವಾದ ದಿನ ಮಧ್ಯಾಹ್ನದೊಳಗೆ ಸರ್ರಂತ ಏರ್ತದೆ. ಹವಾಮಾನ ಇಲಾಖೆ ಕರಾವಳಿಗೆ ಬಿಸಿಗಾಳಿ ಅಂತ ಘೋಷಿಸುವುದು 37 ಡಿಗ್ರಿ ಮುಟ್ಟಿ, ಮಾಮೂಲಿಗಿಂತ ನಾಲ್ಕೂವರೆ ಡಿಗ್ರಿ ಜಾಸ್ತಿ ಆದಾಗ, ಬಯಲುಸೀಮೆಗೆ ಅದು 40. ಅಂಥ ಎಚ್ಚರಿಕೆ ಪೇಪರಿನಲ್ಲಿ, ಟಿವಿಯಲ್ಲಿ ಬಂದ ದಿನ ನಿಮ್ಮ ಕೋಣೆಯ ಮೀಟರನ್ನು ಎರಡು ಸಲ ಹೆಚ್ಚಿಗೆ ನೋಡಿ, ಆ ದಿನ ಗಾಳಿಯೂ ಸ್ವಲ್ಪ ಒಣಗಿರ್ತದೆ, ಬೆವರು ಬೇಗ ಆರ್ತದೆ, ಸೆಕೆ ಕಡಿಮೆ ಅನ್ನಿಸಿ ಮೋಸ ಹೋಗುವುದು ಆಗಲೇ.

ಮೈ ಒದ್ದೆ ಮಾಡುವ ಕ್ರಮ

ಇದು ಖರ್ಚಿಲ್ಲದ ಉಪಾಯ, ಆದ್ರೆ ಮಾಡುವ ರೀತಿ ಉಂಟು. ತಲೆಗೂದಲಿಗೆ ಸ್ಪ್ರೇ ಮಾಡುವ ಬಾಟಲಿ ಇರ್ತದಲ್ಲ, ಅದರಲ್ಲಿ ನಳ್ಳಿ ನೀರು ತುಂಬಿ, ಐಸ್ ನೀರು ಬೇಡ. ಅಂಗಿಯ ತೋಳು ಮೇಲೆ ಮಾಡಿ ಎರಡೂ ಕೈಗೆ, ಕುತ್ತಿಗೆಗೆ, ಮುಖಕ್ಕೆ, ಮೊಣಕಾಲಿನಿಂದ ಕೆಳಗೆ ತೆಳುವಾಗಿ ಹೊಡೀರಿ, ಚರ್ಮ ಮಿನುಗುವಷ್ಟು ಸಾಕು, ಹರಿಯುವಷ್ಟು ಬೇಡ. ಆಮೇಲೆ ಟೇಬಲ್ ಫ್ಯಾನನ್ನು ಎರಡು ಮೂರು ಅಡಿ ದೂರದಲ್ಲಿಟ್ಟು ಸೀದಾ ಮೈಗೆ ಬೀಳುವ ಹಾಗೆ ತಿರುಗಿಸಿ. ಎರಡು ನಿಮಿಷದೊಳಗೆ ಕೈಯ ರೋಮದ ಬುಡದಲ್ಲಿ ಚಳಿ ಚಳಿ ಆದ ಹಾಗೆ ಗೊತ್ತಾಗ್ತದೆ. ಆರಿದ ಮೇಲೆ ಪುನಃ ಹೊಡೀರಿ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಬೇಕಾಗ್ತದೆ. ಸ್ಪ್ರೇ ಬಾಟಲಿ ಇಲ್ಲದವರು ಬೈರಾಸನ್ನು ಅದ್ದಿ ಗಟ್ಟಿಯಾಗಿ ಹಿಂಡಿ ಕೈಕಾಲು ಒರೆಸ್ಬಹುದು. ದಪ್ಪ ಟವೆಲನ್ನು ಒದ್ದೆ ಮಾಡಿ ಮೈಗೆ ಸುತ್ತಿ ಬಿಡುವುದು ಬೇಡ, ಸ್ವಲ್ಪ ಹೊತ್ತಿಗೆ ಅದೇ ಬೆಚ್ಚಗಾಗಿ ಗಾಳಿ ತಾಗದ ಹಾಗೆ ಮಾಡ್ತದೆ, ತೆಳು ಪಂಚೆಯ ಥರದ್ದಾದ್ರೆ ಆಗ್ತದೆ.

ಸೀಲಿಂಗ್ ಫ್ಯಾನಿನ ಗಾಳಿ ಮಂಚದ ಮೂಲೆಗೆ ಬರುವಾಗ ಏನೂ ಉಳಿದಿರುವುದಿಲ್ಲ. ಪ್ರಯೋಗದಲ್ಲಿ ಲಾಭ ಕಂಡದ್ದು ಹತ್ತಿರದಿಂದ ಜೋರಾಗಿ ಬೀಸುವ ಫ್ಯಾನಿಗೆ. ಹಾಗಾಗಿ ವಯಸ್ಸಾದವರಿಗೆ ಒಂದು ಟೇಬಲ್ ಫ್ಯಾನ್ ಅಥವಾ ಪೆಡೆಸ್ಟಲ್ ಫ್ಯಾನ್ ಬೇರೆ ಇಟ್ಟುಕೊಡಿ, ಸೀಲಿಂಗ್ ಫ್ಯಾನ್ ಮೇಲಿಂದ ತಾರಸಿಯ ಬಿಸಿಯನ್ನೂ ಕೆಳಗೆ ತಳ್ತದೆ.

ಕಿಟಕಿ

ಇದರಲ್ಲೂ ಘಟ್ಟದ ಮೇಲಿನ ಸಲಹೆ ನಮಗೆ ಆಗುವುದಿಲ್ಲ. ಅಲ್ಲಿ ಹಗಲಿಗೆ ಕಿಟಕಿ ಹಾಕಿ ಕತ್ತಲೆ ಮಾಡಿ ಕೂತ್ಕೊಳ್ಳಿ ಅಂತಾರೆ, ಹೊರಗೆ 42 ಇರುವಾಗ ಅದು ಸರಿ. ನಮ್ಮಲ್ಲಿ ಮಧ್ಯಾಹ್ನ ಹೊರಗೆ ನೆರಳಿನಲ್ಲಿ 33-34, ತಾರಸಿ ಕೆಳಗಿನ ಕೋಣೆಯಲ್ಲಿ ಅದಕ್ಕಿಂತ ಜಾಸ್ತಿ, ಕಿಟಕಿ ಹಾಕಿ ಫ್ಯಾನ್ ತಿರುಗಿಸಿದ್ರೆ ಅದೇ ಬಿಸಿ, ಅದೇ ಬೆವರಿನ ತೇವ ಕೋಣೆಯೊಳಗೇ ಸುತ್ತು ಹೊಡೀತಾ ಇರ್ತದೆ. 1995ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಬಿಸಿಗಾಳಿಗೆ ಏಳುನೂರಕ್ಕೂ ಹೆಚ್ಚು ಜನ ತೀರಿಹೋದ್ರು, ಆಮೇಲೆ ಮನೆಮನೆಗೆ ಹೋಗಿ ವಿಚಾರಿಸಿದಾಗ ಎಸಿ ಇದ್ದವರು ಬದುಕಿ ಉಳಿದದ್ದು ಕಂಡಿತು, ಫ್ಯಾನ್ ಇದ್ದದ್ದರಿಂದ ಅಂಥ ರಕ್ಷಣೆ ಕಾಣ್ಲಿಲ್ಲ. ಒಬ್ಬರೇ ಇದ್ದವರು, ಮೇಲಿನ ಮಾಳಿಗೆಯಲ್ಲಿ ಇದ್ದವರು ಹೆಚ್ಚು ತೀರಿಕೊಂಡಿದ್ರು. ಮೇಲಿನ ಮಾಳಿಗೆ ಅಂದಾಗ ನಮಗೆ ನಮ್ಮ ಫ್ಲ್ಯಾಟುಗಳು ನೆನಪಾಗ್ಬೇಕು.

ಹಾಗಾಗಿ ಬಿಸಿಲು ಬೀಳುವ ಬದಿಗೆ ಪರದೆ ಹಾಕಿ, ಎದುರು ಬದುರಿನ ಎರಡು ಕಿಟಕಿ ತೆರೆದಿಡಿ. ಮಧ್ಯಾಹ್ನದ ಹೊತ್ತಿಗೆ ಪಡುವಣದಿಂದ ಕಡಲ ಗಾಳಿ ಬರ್ತದೆ, ಆ ಕಡೆಯ ಕಿಟಕಿ ಮುಚ್ಚಿಟ್ಟವರು ಸುಮ್ಮನೆ ಕಷ್ಟ ಪಡ್ತಾರೆ. ರಾತ್ರಿ ಹೊರಗೆ ತಂಪಾದ ಮೇಲೆ ಟೇಬಲ್ ಫ್ಯಾನನ್ನು ಕಿಟಕಿಯ ಹತ್ತಿರ ಹೊರಗಿನ ಗಾಳಿ ಒಳಗೆ ತರುವ ಹಾಗೆ ಇಡಿ, ಆಚೆ ಬದಿಯ ಕಿಟಕಿಯೋ ಬಾಗಿಲೋ ತೆರೆದಿರ್ಲಿ, ಇಲ್ಲದಿದ್ರೆ ಒಳಗಿನ ಗಾಳಿ ಹೋಗ್ಲಿಕ್ಕೆ ದಾರಿ ಇಲ್ಲ. ನುಸಿಯ ಭಯಕ್ಕೆ ಕಿಟಕಿ ಹಾಕುವವರೇ ಜಾಸ್ತಿ, ಮಂಗಳೂರಿನಲ್ಲಿ ಮಲೇರಿಯಾ ಡೆಂಗ್ಯೂ ಉಂಟು ಅನ್ನುವುದೂ ನಿಜ, ಅದಕ್ಕೆ ಮೆಶ್ ಹಾಕಿಸಿ, ಕಿಟಕಿ ಮುಚ್ಬೇಡಿ. ಮೆಶ್ಶಿನಲ್ಲಿ ಧೂಳು ತುಂಬಿದ್ರೆ ಗಾಳಿ ಅರ್ಧಕ್ಕರ್ಧ ನಿಲ್ತದೆ, ತಿಂಗಳಿಗೊಮ್ಮೆ ಬ್ರಶ್ಶಿನಲ್ಲಿ ತಿಕ್ಕಿ ತೊಳೀರಿ.

ಹಳೆ ಹಂಚಿನ ಮನೆಯವರು ಪುಣ್ಯವಂತರು. ಹಂಚಿನ ಸಂದಿನಲ್ಲಿ ಬಿಸಿಗಾಳಿ ಮೇಲೆ ಹೋಗಿಬಿಡ್ತದೆ, ಮಾಡು ಎತ್ತರ, ರಾತ್ರಿಗೆ ಬೇಗ ತಣೀತದೆ. ಸಿಮೆಂಟ್ ಶೀಟಿನ, ತಗಡಿನ ಶೀಟಿನ ಮನೆಯವರ ಕಷ್ಟ ಎಲ್ಲರಿಗಿಂತ ಜಾಸ್ತಿ, ಅಲ್ಲಿ ಮಧ್ಯಾಹ್ನ ಶೀಟಿನ ಕೆಳಗೆ ಕೈ ಎತ್ತಿದ್ರೆ ಬಿಸಿ ಹೊಡೀತದೆ, ಹಾಗಿರುವಾಗ ಫ್ಯಾನಿನಿಂದ ಮಾತ್ರ ಆಗುವುದಿಲ್ಲ, ಮಾಡಿನ ಮೇಲೆ ತೆಂಗಿನ ಮಡಲು ಹೊದಿಸಿ, ಅಥವಾ ಬಿಳಿ ಪೈಂಟ್ ಹೊಡೆಸಿ. ತಾರಸಿಯ ಮೇಲೆ ಮಳೆಗೆ ಅಂತ ಶೀಟು ಹಾಕಿಸುವ ಆಲೋಚನೆ ಇದ್ರೆ ಬೇಸಿಗೆಗೆ ಮೊದಲೇ ಮಾಡಿಸಿ, ಸ್ಲ್ಯಾಬಿಗೆ ನೆರಳು ಬೀಳ್ತದೆ, ಕೆಳಗಿನ ಕೋಣೆಗೆ ದೊಡ್ಡ ಉಪಕಾರ.

ಫ್ಯಾನೇ ಸರಿ ಇಲ್ಲದಿದ್ರೆ

"ಫ್ಯಾನ್ ಹಾಕಿದ್ರೂ ಗಾಳಿಯೇ ಬರುವುದಿಲ್ಲ" ಅನ್ನುವ ಮನೆಗಳಲ್ಲಿ ಹೆಚ್ಚಾಗಿ ತೊಂದರೆ ಕಂಡೆನ್ಸರಿನದ್ದು. ಫ್ಯಾನಿನ ಮೇಲಿನ ಕಪ್ಪಿನೊಳಗೆ ಸಣ್ಣ ಡಬ್ಬಿಯ ಹಾಗೆ ಇರ್ತದೆ, ಎರಡೂವರೆ ಎಂಎಫ್‌ಡಿ ಅಂತ ಬರೆದಿರ್ತದೆ, ಹಳತಾದ ಹಾಗೆ ಬಲ ಕಳ್ಕೊಳ್ತದೆ, ಐದರಲ್ಲಿಟ್ರೂ ಮೂರರ ಸ್ಪೀಡು. ಸಂಜೆ ಎಲ್ಲರ ಎಸಿ ಓಡಿ ವೋಲ್ಟೇಜ್ ಇಳಿದಾಗ ಇನ್ನೂ ನಿಧಾನ. ಹೊಸ ಫ್ಯಾನ್ ತರುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆದು ಅದನ್ನು ಬದಲಾಯಿಸಿ ನೋಡಿ, ನೂರು ರೂಪಾಯಿಯೊಳಗಿನ ಸಾಮಾನು. ರೆಕ್ಕೆಯ ಅಂಚಿನಲ್ಲಿ ಕಪ್ಪಗೆ ಕೂತ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಕಡಲಿಗೆ ಹತ್ತಿರ ಇರುವವರು, ಮಲ್ಪೆ, ಕಾಪು, ಸೋಮೇಶ್ವರ ಆ ಕಡೆಯವರು, ಮೇಲಿನ ಹುಕ್ಕು, ರಾಡಿನ ಬೋಲ್ಟು, ಅದಕ್ಕೆ ಹಾಕಿದ ಪಿನ್ನು ತುಕ್ಕು ಹಿಡಿದಿದೆಯಾ ಅಂತ ಖಂಡಿತ ನೋಡಿಸಿ. ಉಪ್ಪುಗಾಳಿಗೆ ಕಬ್ಬಿಣ ನಿಲ್ಲುವುದಿಲ್ಲ, ಸೆಕೆಗಾಲದಲ್ಲಿ ಫ್ಯಾನ್ ಹಗಲು ರಾತ್ರಿ ತಿರುಗ್ತದೆ, ಅದರ ಕೆಳಗೇ ನಾವು ಮಲಗುವುದು.

ಕರೆಂಟು ಬಿಲ್ಲಿಗೆ ಹೆದರಿ ಫ್ಯಾನ್ ಬಂದ್ ಮಾಡುವ ಹಿರಿಯರಿಗೆ ಈ ಲೆಕ್ಕ ತೋರಿಸಿ. 75 ವ್ಯಾಟಿನ ಫ್ಯಾನ್ ಇಡೀ ದಿನ ಓಡಿದ್ರೂ 1.8 ಯುನಿಟ್, ತಿಂಗಳಿಗೆ 54. ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟು ತಿನ್ನುವ ಹೊಸ ಥರದ ಮೋಟಾರಿನದ್ದು) ಆದ್ರೆ 30 ವ್ಯಾಟಿನ ಆಸುಪಾಸು, ತಿಂಗಳಿಗೆ 22 ಯುನಿಟ್ ಸಾಕು, ಇನ್ವರ್ಟರಿನಲ್ಲೂ ಜಾಸ್ತಿ ಹೊತ್ತು ಬರ್ತದೆ. ಎಸಿ ಇರುವವರು ಅದನ್ನು 26-27ರಲ್ಲಿಟ್ಟು ಜೊತೆಗೆ ಫ್ಯಾನ್ ಹಾಕಿ, ಒಂದೊಂದು ಡಿಗ್ರಿ ಏರಿಸಿದ್ದಕ್ಕೂ ಸಾಧಾರಣ ಶೇಕಡಾ 6 ಕರೆಂಟು ಉಳೀತದೆ. ಕರೆಂಟು ಹೋದ್ರೆ ಅಡಿಕೆ ಹಾಳೆಯ ಬೀಸಣಿಗೆ ಹಿಡೀರಿ, ಆದ್ರೆ ವಯಸ್ಸಾದವರ ಕೈಗೆ ಕೊಟ್ಟು ಸುಮ್ಮನಾಗ್ಬೇಡಿ, ಬೀಸುವುದೂ ಮೈಗೆ ಕೆಲಸವೇ, ಬೇರೆ ಯಾರಾದ್ರೂ ಬೀಸ್ಬೇಕು.

ದುಡ್ಡು ದಂಡ ಆಗುವ ವಸ್ತುಗಳು

ನೀರು ಹಾಕುವ ಏರ್ ಕೂಲರ್ ನಮ್ಮ ಊರಿಗೆ ಬೇಡ. ಅದು ನೀರು ಆರಿಸಿ ಗಾಳಿ ತಂಪು ಮಾಡುವ ಯಂತ್ರ, ಬಳ್ಳಾರಿಯಲ್ಲಿ ಚಂದ ಕೆಲಸ ಮಾಡ್ತದೆ, ನಮ್ಮ ತೇವದಲ್ಲಿ ಒಂದೆರಡು ಡಿಗ್ರಿ ಇಳಿಸಿ ಕೋಣೆಯನ್ನು ಇನ್ನೂ ಒದ್ದೆ ಮಾಡಿ ಬೆವರು ಆರದ ಹಾಗೆ ಮಾಡ್ತದೆ, ಕಿಟಕಿ ಹಾಕಿಟ್ರಂತೂ ಮುಗೀತು. ಫ್ಯಾನಿನ ಎದುರು ಐಸ್ ಪಾತ್ರೆ ಇಡುವುದು ರೀಲ್ಸಿನಲ್ಲಿ ಚಂದ ಕಾಣ್ತದೆ, ಒಂದು ಕೆಜಿ ಐಸ್ ಕರಗಿ ಎಳೆಯುವ ಬಿಸಿಯನ್ನು ಒಂದೂವರೆ ಟನ್ನಿನ ಎಸಿ ಸಾಧಾರಣ ಒಂದು ನಿಮಿಷದಲ್ಲಿ ಎಳೀತದೆ, ಅಷ್ಟೇ ಅದರ ಬೆಲೆ, ಮೇಲಿಂದ ಆ ಐಸ್ ಮಾಡ್ಲಿಕ್ಕೆ ಫ್ರಿಜ್ಜು ನಿಮ್ಮದೇ ಮನೆಯೊಳಗೆ ಅಷ್ಟಕ್ಕಿಂತ ಹೆಚ್ಚು ಬಿಸಿ ಬಿಟ್ಟಿರ್ತದೆ. ಆ ಐಸನ್ನು ಬಟ್ಟೆಯಲ್ಲಿ ಸುತ್ತಿ ಕುತ್ತಿಗೆಗೆ ಇಟ್ರೆ ಎಷ್ಟೋ ಪ್ರಯೋಜನ.

ಯಾರನ್ನು ಹೆಚ್ಚು ನೋಡ್ಕೊಳ್ಬೇಕು

65 ದಾಟಿದವರು, ಹಾರ್ಟ್, ಕಿಡ್ನಿ, ಶುಗರ್ ಇರುವವರು, ಎದೆಹಾಲಿನ ಮಕ್ಕಳು, ಬಸುರಿಯರು. ಮೂತ್ರದ ತೊಂದರೆಗೆ, ಪಾರ್ಕಿನ್ಸನ್‌ಗೆ, ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಮಾತ್ರೆ, ನಿದ್ರೆ ಬರಿಸುವ ಹಳೆ ಥರದ ಅಲರ್ಜಿ ಮಾತ್ರೆ, ಇವು ಬೆವರು ಕಡಿಮೆ ಮಾಡ್ತವೆ, ಬಿಪಿಗೆ ಕೊಡುವ ನೀರು ಹೋಗುವ ಮಾತ್ರೆ ಮೈಯ ನೀರು ಇಳಿಸ್ತದೆ. ನೀವಾಗಿಯೇ ನಿಲ್ಲಿಸ್ಬೇಡಿ ದಯವಿಟ್ಟು, ಸೆಕೆಗಾಲಕ್ಕೆ ಮೊದಲು ಡಾಕ್ಟರಲ್ಲಿ ಒಂದು ಮಾತು ಕೇಳಿ.

ಇನ್ನೊಂದು ಗುಂಪನ್ನು ಯಾರೂ ಹೇಳುವುದಿಲ್ಲ, ಮನೆಯಲ್ಲಿ ಬೀಡಿ ಕಟ್ಟುವ ಹೆಂಗಸರು. ಫ್ಯಾನ್ ಹಾಕಿದ್ರೆ ಮೊರದಲ್ಲಿದ್ದ ಹೊಗೆಸೊಪ್ಪಿನ ಪುಡಿ ಹಾರ್ತದೆ, ಎಲೆ ಒಣಗಿ ಮುರೀತದೆ, ಹಾಗಾಗಿ ಇಡೀ ಮಧ್ಯಾಹ್ನ ಫ್ಯಾನ್ ಬಂದ್ ಮಾಡಿಯೇ ಕೂರ್ತಾರೆ. ಅವರಿಗೆ ಟೇಬಲ್ ಫ್ಯಾನನ್ನು ಹಿಂದಿನಿಂದ, ನೆಲದ ಮೇಲೆ, ಬೆನ್ನು ಮತ್ತು ಸೊಂಟಕ್ಕೆ ಬೀಳುವ ಹಾಗೆ ಇಟ್ಟು ಕೊಡಿ, ಮೈ ಅಡ್ಡ ಇರುವುದರಿಂದ ಮೊರಕ್ಕೆ ಗಾಳಿ ಅಷ್ಟು ತಾಗುವುದಿಲ್ಲ. ಬೆನ್ನಿನ ರವಿಕೆ ಸ್ವಲ್ಪ ಒದ್ದೆ ಮಾಡಿಕೊಂಡ್ರೆ ಇನ್ನೂ ಒಳ್ಳೇದು. ಶಂಕರಪುರ ಕಡೆ ಮಲ್ಲಿಗೆ ಕಟ್ಟುವವರಿಗೂ ಹೂ ಬಾಡ್ತದೆ ಅಂತ ಇದೇ ಕಷ್ಟ, ಅವರಿಗೂ ಇದೇ ಉಪಾಯ.

ಕುಡಿಯುವ ವಿಷಯ ಸಣ್ಣದಾಗಿ ಹೇಳ್ತೇನೆ. ಫ್ಯಾನ್ ಹಾಕಿದಾಗ ಬೆವರು ಆರಿ ಹೋಗ್ತದೆ, ಎಷ್ಟು ನೀರು ಹೋಯ್ತು ಅಂತ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಬಾಯಾರಿಕೆಗೆ ಕಾಯದೆ ಕುಡೀತಾ ಇರ್ಬೇಕು. ಉಪ್ಪು ಹಾಕಿದ ಮಜ್ಜಿಗೆ ನೀರು, ಗಂಜಿ ತಿಳಿ, ಪುನರ್ಪುಳಿ ಶರಬತ್ತು, ಬೊಂಡ (ಎಳನೀರು) ಎಲ್ಲ ಆಗ್ತದೆ. ತುಂಬಾ ಬೆವರಿ ಸುಸ್ತಾದವರಿಗೆ ಒಂದು ಲೀಟರ್ ನೀರಿಗೆ ಸಣ್ಣ ಚಮಚದಲ್ಲಿ ಮಟ್ಟಸ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕೊಡಿ. ಕಿಡ್ನಿ ತೊಂದರೆ ಇರುವವರಿಗೆ ಬೊಂಡ ಕೊಡುವ ಮೊದಲು ಡಾಕ್ಟರಲ್ಲಿ ಕೇಳ್ಲೇಬೇಕು, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ.

ಕೈ ಮೀರಿದಾಗ

ತಲೆನೋವು, ವಾಕರಿಕೆ, ಕಾಲು ಸೆಳೆತ, ತಲೆ ತಿರುಗುವುದು ಬಂದ್ರೆ ಮಲಗಿಸಿ, ಬಟ್ಟೆ ಸಡಿಲ ಮಾಡಿ, ಮೈ ಒದ್ದೆ ಮಾಡಿ ಫ್ಯಾನ್ ಹಾಕಿ, ಸ್ವಲ್ಪ ಸ್ವಲ್ಪ ಕುಡಿಸಿ. ಅರ್ಧ ಗಂಟೆಯಲ್ಲಿ ಸುಧಾರಿಸ್ಬೇಕು, ಇಲ್ಲಾಂದ್ರೆ ಆಸ್ಪತ್ರೆಗೆ.

ಆದ್ರೆ ಮನುಷ್ಯ ತಡಬಡ ಮಾತಾಡ್ಲಿಕ್ಕೆ ಶುರು ಮಾಡಿದ್ರೆ, ಗುರುತು ಸಿಗದಿದ್ರೆ, ತೂಕಡಿಸಿ ಎಬ್ಬಿಸಿದ್ರೂ ಏಳದಿದ್ರೆ, ಫಿಟ್ಸ್ ಬಂದ್ರೆ, ಮೈ ಕೆಂಡದ ಹಾಗೆ ಸುಡ್ತಾ ಇದ್ರೆ ಅದು ಹೀಟ್ ಸ್ಟ್ರೋಕ್, ಮೈಯೊಳಗೆ 40 ದಾಟಿರ್ತದೆ. ಬೆವರು ನಿಂತಿರ್ಬೇಕು ಅಂತಿಲ್ಲ, ಬೆವರ್ತಾ ಇದ್ರೂ ಹೀಟ್ ಸ್ಟ್ರೋಕ್ ಆಗ್ತದೆ. ಆ ಕ್ಷಣ ಒಬ್ರು 108ಕ್ಕೆ ಫೋನ್ ಮಾಡಿ, ಇನ್ನೊಬ್ರು ಬಕೆಟ್ ನೀರು ತನ್ನಿ. ಆಂಬ್ಯುಲೆನ್ಸ್ ಬರುವವರೆಗೆ ಸುಮ್ಮನೆ ಕಾಯ್ಬೇಡಿ, ಬಟ್ಟೆ ತೆಗೆದು ಇಡೀ ಮೈಗೆ ನೀರು ಹೊಯ್ಯಿರಿ, ಇರುವ ಫ್ಯಾನುಗಳನ್ನೆಲ್ಲ ಫುಲ್ ಸ್ಪೀಡಿನಲ್ಲಿ ಮೈಗೆ ತಿರುಗಿಸಿ, ಕಂಕುಳು, ತೊಡೆಸಂದು, ಕುತ್ತಿಗೆಗೆ ಐಸ್ ಇಡಿ. ಕೋಣೆ ಎಷ್ಟು ಡಿಗ್ರಿ ಅಂತ ಆಗ ನೋಡುವುದು ಬೇಡ, ನೀರು ಸತತ ಬೀಳ್ತಾ ಇದ್ರೆ ಫ್ಯಾನ್ ಉಪಕಾರವೇ ಮಾಡ್ತದೆ. ಪ್ಯಾರಾಸಿಟಮಾಲ್ ಕೊಡ್ಬೇಡಿ, ಇದು ಜ್ವರವಲ್ಲ, ಇಳಿಯುವುದಿಲ್ಲ. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ಒಂದು ಹನಿ ನೀರೂ ಹಾಕ್ಬೇಡಿ, ಶ್ವಾಸಕೋಶಕ್ಕೆ ಹೋಗ್ತದೆ, ಒಂದು ಬದಿಗೆ ತಿರುಗಿಸಿ ಮಲಗಿಸಿ. ಮಂಗಳೂರಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಅಥವಾ ನಿಮಗೆ ಹತ್ತಿರದ ಯಾವ ದೊಡ್ಡ ಆಸ್ಪತ್ರೆಯೂ ಆಗ್ತದೆ, ದಾರಿಯಲ್ಲೂ ಒದ್ದೆ ಬಟ್ಟೆಯಲ್ಲಿ ಒರೆಸ್ತಾ ಇರಿ, ಗಾಡಿಯ ಕಿಟಕಿ ತೆರೆದಿಡಿ ಅಥವಾ ಎಸಿ ಫುಲ್ ಹಾಕಿ.